ಬೆಲ್ಲದ ಕಾಫಿ ಮತ್ತು ಹುವಾನ್ ದೆಲ್ ದಿಯಾಬ್ಲೊ

ಮಗಳು ಹುಟ್ಟಿದ್ದು 2018ರ ನವೆಂಬರಿನಲ್ಲಿ, ಹ್ಯೂಸ್ಟನ್‌ನಲ್ಲಿ. ಬಾಣಂತನಕ್ಕೆ ಅಂತ ಅಮ್ಮ ಕೊಪ್ಪದಿಂದ ಬಂದಳು. ಎರಡು ಸೂಟ್‌ಕೇಸ್ ತಂದಿದ್ದಳು. ಅದರಲ್ಲಿ ಒಂದರ ತುಂಬ ಒಣಶುಂಠಿ, ಅಂಟಿನುಂಡೆ, ಕೊಬ್ಬರಿ ಎಣ್ಣೆ, ಒಗೆದು ಒಗೆದು ಮೆತ್ತಗಾದ ಹಳೇ ಪಂಚೆ, ಕಾಫಿಪುಡಿ, ನಾಲ್ಕು ಅಚ್ಚು ಬೆಲ್ಲ.

ನಮ್ಮ ಪಕ್ಕದ ಮನೆಯಲ್ಲಿ ಮೆಕ್ಸಿಕೋದ ವೆರಾಕ್ರೂಸ್ ಕಡೆಯ ಒಬ್ಬ ಹಿರಿಯ ಹೆಂಗಸು ಇದ್ದರು. ನಾವು ಅವರನ್ನು ಸೆನ್ಯೋರಾ ಅಂತಲೇ ಕರೆಯುವುದು. ಮಗು ನೋಡಲು ಬಂದವರು ಮೊದಲು ನನ್ನ ಪಾದ ಮುಟ್ಟಿ ನೋಡಿದರು. ತಣ್ಣಗಿತ್ತು. ಕಾಲುಚೀಲ ಎಲ್ಲಿ ಅಂತ ಗದರಿದರು. ಆಮೇಲೆ ಅಮ್ಮನ ಕಡೆ ತಿರುಗಿ, 'ಕ್ವಾರೆಂತೇನಾ' ಅಂದರು. ನಲವತ್ತು ದಿನ ಅಂತ ಅರ್ಥ. ಹೆತ್ತವಳು ನಲವತ್ತು ದಿನ ತಣ್ಣೀರು ಮುಟ್ಟಬಾರದು, ಗಾಳಿಗೆ ಹೋಗಬಾರದು, ಭಾರ ಎತ್ತಬಾರದು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅಮ್ಮನ ಮುಖ ಅರಳಿತು. "ನೋಡು, ಇವರಿಗೆ ಗೊತ್ತಿದೆ. ನಿನ್ನ ಡಾಕ್ಟರಿಗೆ ಗೊತ್ತಿಲ್ಲ" ಅಂದಳು. ಅವತ್ತಿನಿಂದ ಅವರಿಬ್ಬರೂ ಒಂದು ಕಡೆ, ನಾನು ಇನ್ನೊಂದು ಕಡೆ.

ಎರಡನೇ ದಿನ ಸೆನ್ಯೋರಾ ಒಂದು ಮಣ್ಣಿನ ಮಡಕೆಯಲ್ಲಿ ಕಾಫಿ ಮಾಡಿ ತಂದರು. ಅವರ ಭಾಷೆಯಲ್ಲಿ ಕಫೆ ದೆ ಓಯಾ, ಅಂದರೆ ಮಡಕೆ ಕಾಫಿ. ನೀರಿಗೆ ಚಕ್ಕೆ ಹಾಕಿ, ಪಿಲೋನ್ಸಿಯೊ ಹಾಕಿ ಕುದಿಸುತ್ತಾರೆ. ಪಿಲೋನ್ಸಿಯೊ ಅಂದರೆ ಕಬ್ಬಿನ ಹಾಲು ಕಾಸಿ, ಗೋಪುರದ ಹಾಗೆ ಅಚ್ಚು ಹೊಯ್ದದ್ದು. ಅಮ್ಮ ಒಂದು ಗುಟುಕು ಕುಡಿದಳು. ಲೋಟ ಕೆಳಗಿಟ್ಟಳು. ಒಳಗೆ ಹೋಗಿ ಪತ್ರಿಕೆಯಲ್ಲಿ ಸುತ್ತಿದ್ದ ಬೆಲ್ಲ ತಂದು ಸೆನ್ಯೋರಾ ಕೈಗೆ ಕೊಟ್ಟಳು. ಅವರು ಉಗುರಿನಲ್ಲಿ ಒಂದು ಚೂರು ಕಿತ್ತು ಬಾಯಿಗೆ ಹಾಕಿಕೊಂಡರು. ಇಬ್ಬರೂ ಮಾತಾಡಲಿಲ್ಲ. ಮಾತಾಡಲು ಭಾಷೆಯೂ ಇರಲಿಲ್ಲ. ವೆರಾಕ್ರೂಸ್ ಬೆಟ್ಟದ ಕಡೆಯೆಲ್ಲ ಕಾಫಿ ತೋಟ. ಅಮ್ಮ ಹುಟ್ಟಿದ್ದೂ ಕಾಫಿ ತೋಟದ ಮನೆಯಲ್ಲಿ, ಬೆಳೆದದ್ದು ಬೆಲ್ಲದ ಕಾಫಿ ಕುಡಿದೇ.

ಹೀಗೆ ಶುರುವಾಯಿತು. ದಿನಾ ಮಧ್ಯಾಹ್ನ ಮಗು ಮಲಗಿದ ಮೇಲೆ ಸೆನ್ಯೋರಾ ಬರುತ್ತಿದ್ದರು. ಟಿವಿ ಹಾಕುತ್ತಿದ್ದರು. 'ಕೊರಾಸೋನ್ ಸಾಲ್ವಾಹೆ' ಅವರ ಜೀವ. ಕಾಡು ಹೃದಯ ಅಂತ ಹೇಳಬಹುದು. 1993ರ ಟೆಲೆನೊವೆಲಾ, ಅಂದರೆ ಅಲ್ಲಿನ ಟಿವಿ ಧಾರಾವಾಹಿ, ಮೆಕ್ಸಿಕೋದ ತೆಲೆವಿಸಾ ಕಂಪನಿಯದ್ದು. ಮರುಪ್ರಸಾರ ಆದಾಗ 80 ಎಪಿಸೋಡನ್ನೂ ರೆಕಾರ್ಡ್ ಮಾಡಿಟ್ಟುಕೊಂಡಿದ್ದರು. ನನಗೆ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು ನಿಂತು ಕಲಿತ ಸ್ಪ್ಯಾನಿಷ್ ಇತ್ತು. ನಾನು ಕೇಳಿ ಕೇಳಿ ಅಮ್ಮನಿಗೆ ಹೇಳುವುದು. ಹತ್ತು ಎಪಿಸೋಡು ಆಗುವಷ್ಟರಲ್ಲಿ ಅಮ್ಮ, "ನೀನು ಸುಮ್ನಿರು, ನಂಗೆ ಗೊತ್ತಾಗತ್ತೆ" ಅನ್ನಲು ಶುರು ಮಾಡಿದಳು.

ಕಥೆ ಸುಮಾರು ನೂರು ವರ್ಷ ಹಿಂದಿನದು, ಸಮುದ್ರದ ದಡದ ಊರಿನದು. ದೊಡ್ಡ ಜಮೀನ್ದಾರ ಅಲ್ಕಾಸರ್. ಅವನಿಗೆ ಬೇರೊಬ್ಬನ ಹೆಂಡತಿಯಲ್ಲಿ ಹುಟ್ಟಿದ ಮಗ ಹುವಾನ್. ಆ ಹೆಂಗಸಿನ ಗಂಡ ಹುಡುಗನನ್ನು ದ್ವೇಷದಲ್ಲೇ ಬೆಳೆಸಿದ. ಅವನಿಗೆ ಮನೆತನದ ಹೆಸರೇ ಇಲ್ಲ. ಊರಿನವರು ಇಟ್ಟ ಹೆಸರು ಹುವಾನ್ ದೆಲ್ ದಿಯಾಬ್ಲೊ, ಸೈತಾನನ ಹುವಾನ್. ಅಪ್ಪ ಸಾಯುವ ಹೊತ್ತಿಗೆ ಇವನು ನನ್ನ ಮಗ ಅಂತ ಒಪ್ಪಿಕೊಳ್ಳಬೇಕು ಅಂದುಕೊಂಡ. ಆದರೆ ಹಾಗಂತ ಬರೆದ ಪತ್ರವನ್ನು ಹೆಂಡತಿ ದೋನ್ಯಾ ಸೋಫಿಯಾ ಮುಚ್ಚಿಟ್ಟಳು. ಹುವಾನ್ ಕಳ್ಳಸಾಗಣೆಯ ಹಡಗಿನವನಾಗಿ ಬೆಳೆದ. ಅವನ ಅಣ್ಣನೋ ತಮ್ಮನೋ ಆಗಬೇಕಾದ ಫ್ರಾನ್ಸಿಸ್ಕೊ ಬಂಗಲೆಯಲ್ಲಿ ಬೆಳೆದ.

ಇನ್ನೊಂದು ಕಡೆ ಇಬ್ಬರು ಅಕ್ಕತಂಗಿಯರು. ಮೋನಿಕಾ ಮತ್ತು ಐಮೇ. ಮೋನಿಕಾಳನ್ನು ಫ್ರಾನ್ಸಿಸ್ಕೊಗೆ ಕೊಡುವುದು ಅಂತ ಚಿಕ್ಕಂದಿನಲ್ಲೇ ಮಾತಾಗಿರುತ್ತದೆ. ಅವನು ತಂಗಿಯನ್ನು ಮೆಚ್ಚುತ್ತಾನೆ. ಮೋನಿಕಾ ಮಾತಿಲ್ಲದೆ ಕಾನ್ವೆಂಟಿಗೆ ಹೋಗಿ ಸನ್ಯಾಸಿನಿಯ ಬಟ್ಟೆ ಹಾಕಿಕೊಳ್ಳುತ್ತಾಳೆ. ಐಮೇಗೆ ಮಾತ್ರ ಕದ್ದುಮುಚ್ಚಿ ಹುವಾನ್ ಜೊತೆ ಸಂಬಂಧ. ಅವನು ಹಣ ಸಂಪಾದಿಸಿ ಬಂದು ನಿನ್ನನ್ನು ಮದುವೆಯಾಗುತ್ತೇನೆ ಅಂತ ಹಡಗು ಹತ್ತುತ್ತಾನೆ. ಬರುವಷ್ಟರಲ್ಲಿ ಅವಳು ಫ್ರಾನ್ಸಿಸ್ಕೊ ಹೆಂಡತಿ. ಗುಟ್ಟು ರಟ್ಟಾಗುವ ಹೊತ್ತು ಬಂದಾಗ ತಂಗಿಯ ತಪ್ಪು ಅಕ್ಕನ ತಲೆಗೆ ಬರುತ್ತದೆ. ಮನೆ ಉಳಿಸಲು ಮೋನಿಕಾ ಹುವಾನ್‌ನನ್ನು ಮದುವೆಯಾಗುತ್ತಾಳೆ. ಒಬ್ಬರನ್ನೊಬ್ಬರು ಕಂಡರೆ ಆಗದ ಇಬ್ಬರು. ನಿಜವಾದ ಕಥೆ ಶುರುವಾಗುವುದೇ ಇಲ್ಲಿಂದ.

ಕಥೆ ಇಲ್ಲಿಗೆ ಬಂದಾಗ ಅಮ್ಮ ನೆಟ್ಟಗೆ ಕೂತಳು. ಅವಳಿಗೆ ಮದುವೆಯಾದದ್ದು ಹತ್ತೊಂಬತ್ತಕ್ಕೆ. ಅಪ್ಪನ ಮುಖ ಸರಿಯಾಗಿ ನೋಡಿದ್ದು ಧಾರೆಯ ದಿನ. ಮೊದಲು ಮದುವೆ, ಆಮೇಲೆ ಪರಿಚಯ, ಅದಾದ ಎಷ್ಟೋ ದಿನಕ್ಕೆ ಪ್ರೀತಿ. ಈ ಕ್ರಮ ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹುವಾನ್ ಅವಳನ್ನು 'ಸಾಂತಾ ಮೋನಿಕಾ' ಅಂತ ಚುಚ್ಚಿ ಕರೆಯುತ್ತಾನೆ. ಸಂತಳೇ, ಅಂತ. ಎಪಿಸೋಡು ಕಳೆದ ಹಾಗೆ ಆ ಕರೆಯುವ ದನಿ ಬದಲಾಗುತ್ತದೆ. ಶಬ್ದ ಅದೇ. ಅಮ್ಮ ಅದನ್ನು ನನಗಿಂತ ಮುಂಚೆ ಹಿಡಿದಳು. "ಈಗ ಕರೆದದ್ದು ಬೇರೆ ಥರ, ಅಲ್ವಾ?" ಅಂದಳು. ಸ್ಪ್ಯಾನಿಷ್ ಬಾರದ ನನ್ನಮ್ಮ.

ಮದುವೆಯಾದ ಮೇಲೆ ಮೋನಿಕಾಗೆ ಜೋರು ಜ್ವರ ಬರುತ್ತದೆ. ಹುವಾನ್ ಆರೈಕೆ ಮಾಡುತ್ತಾನೆ. ಆ ಭಾಗವನ್ನು ನಾವು ಮೂರು ಸಲ ನೋಡಿದೆವು. ಹಾಸಿಗೆಯಲ್ಲಿ ಮೋನಿಕಾ ಆಗಿ ಎದಿತ್ ಗೊನ್ಸಾಲೆಸ್. ಪಕ್ಕದಲ್ಲಿ ಹುವಾನ್ ಆಗಿ ಎಡುವಾರ್ದೊ ಪಾಲೋಮೊ. ಅವನ ಆ ಉದ್ದ ಕೂದಲು, ಎದೆ ಬಿಟ್ಟ ಅಂಗಿ ಮೆಕ್ಸಿಕೋದಲ್ಲಿ ಆಗ ಮನೆಮಾತು. ಆದರೆ ನನಗೆ ಮರೆಯದೇ ಉಳಿದದ್ದು ಅವನು ಸುಮ್ಮನಿರುವ ರೀತಿ. ಊರಿಗೆಲ್ಲ ಹೊಡೆದಾಡಿಕೊಂಡು ತಿರುಗುವವನು ಈ ಕೋಣೆಯೊಳಗೆ ಬಂದರೆ ದನಿ ತಗ್ಗಿಸುತ್ತಾನೆ. ಅವಳು ಬೇಡ ಅಂದರೆ ದೂರ ಕೂರುತ್ತಾನೆ. ಗಂಡ ಅನ್ನುವ ಹಕ್ಕು ಚಲಾಯಿಸುವುದಿಲ್ಲ. ಕಾಯುತ್ತಾನೆ. ಅಮ್ಮ ಎಷ್ಟೋ ಹೊತ್ತು ಸುಮ್ಮನಿದ್ದು, "ಇವನು ಒಳ್ಳೇವನು. ಕಾಯ್ತಾನೆ" ಅಂದಳು. ಸೆನ್ಯೋರಾಗೆ ಏನು ಕೇಳಿಸಿತೋ, ಅಮ್ಮನ ಮೊಣಕೈ ತಟ್ಟಿದರು.

ಟೆಲೆನೊವೆಲಾ ಸೆಟ್ಟುಗಳಲ್ಲಿ ಒಂದು ಪದ್ಧತಿ ಇದೆ. ನಟರು ಕಿವಿಯಲ್ಲಿ ಒಂದು ಸಣ್ಣ ಸ್ಪೀಕರ್ ಇಟ್ಟುಕೊಳ್ಳುತ್ತಾರೆ. ಒಳಗಿನಿಂದ ಒಬ್ಬರು ಮಾತುಗಳನ್ನು ಓದಿ ಹೇಳುತ್ತಾರೆ, ನಟ ಅದನ್ನು ಕೇಳಿಸಿಕೊಂಡೇ ಹೇಳುತ್ತಾನೆ. ದಿನಕ್ಕೊಂದು ಎಪಿಸೋಡು ಪ್ರಸಾರ ಆಗಬೇಕಲ್ಲ, ಬಾಯಿಪಾಠ ಮಾಡಲು ಸಮಯ ಎಲ್ಲಿ? ಆ ಸ್ಪೀಕರಿಗೆ ಅವರು ಇಟ್ಟ ಹೆಸರು ಚೀಚಾರೊ. ಬಟಾಣಿ ಕಾಳು. ಇದು ತಿಳಿದ ಮೇಲೆ ನಾನು ಈ ಇಬ್ಬರನ್ನು ಇನ್ನೂ ಹತ್ತಿರದಿಂದ ನೋಡಲು ಶುರು ಮಾಡಿದೆ. ಮಾತು ಕಿವಿಗೆ ಯಾರಾದರೂ ಹಾಕಬಹುದು. ಎದುರಿನವಳು ಮಾತಾಡುವಾಗ ಕಣ್ಣು ಏನು ಮಾಡಬೇಕು ಅಂತ ಬಟಾಣಿ ಹೇಳಿಕೊಡಲಾರದು. ಪಾಲೋಮೊ ಕೇಳಿಸಿಕೊಳ್ಳುವ ನಟ. ಎದಿತ್ ಮಾತಾಡುತ್ತಿದ್ದರೆ ಕ್ಯಾಮೆರಾ ಅವನ ಮೇಲೆ ಇರುತ್ತದೆ, ಅವನ ಮುಖದಲ್ಲಿ ಆ ಮಾತು ಇಳಿಯುವುದು ಕಾಣುತ್ತದೆ.

ಎದಿತ್ ಗೊನ್ಸಾಲೆಸ್ ಹುಟ್ಟಿದ್ದು 1964ರಲ್ಲಿ, ಮೊಂತೆರ್ರೆಯಲ್ಲಿ. ಐದಾರು ವರ್ಷಕ್ಕೇ ಕ್ಯಾಮೆರಾ ಮುಂದೆ ಬಂದವರು. 1979ರಲ್ಲಿ 'ಲೋಸ್ ರಿಕೋಸ್ ತಾಂಬಿಯೆನ್ ಯೋರಾನ್' ಅಂತ ಒಂದು ಟೆಲೆನೊವೆಲಾ ಬಂತು. ಶ್ರೀಮಂತರೂ ಅಳುತ್ತಾರೆ ಅಂತ ಅರ್ಥ. ವೆರೋನಿಕಾ ಕಾಸ್ತ್ರೊ ನಾಯಕಿ. ಅದರಲ್ಲಿ ಮರಿಸಾಬೆಲ್ ಅನ್ನುವ ಹುಡುಗಿಯ ಪಾತ್ರ ಎದಿತ್‌ದು. ಸೋವಿಯತ್ ಒಕ್ಕೂಟ ಒಡೆದ ದಿನಗಳಲ್ಲಿ ಆ ಧಾರಾವಾಹಿ ರಷ್ಯಾದಲ್ಲಿ ಪ್ರಸಾರವಾಗಿ, ಅಲ್ಲಿನ ಜನ ಹುಚ್ಚೆದ್ದು ನೋಡಿದರು. ಹಾಗಾಗಿ ಮೋನಿಕಾ ಆಗುವಷ್ಟರಲ್ಲಿ ಎದಿತ್‌ಗೆ ಇಪ್ಪತ್ತು ವರ್ಷದ ಅನುಭವ ಇತ್ತು. ಮೋನಿಕಾಳ ಗಟ್ಟಿತನ ಅದರಿಂದಲೇ ಬಂದದ್ದು ಅಂತ ನನಗೆ ಅನಿಸುತ್ತದೆ. ಅಳುವ ದೃಶ್ಯಗಳು ಬೇಕಾದಷ್ಟಿವೆ, ಆದರೆ ಆಕೆ ಅಳುವುದನ್ನು ತಡೆದುಕೊಳ್ಳುವ ದೃಶ್ಯಗಳೇ ಜಾಸ್ತಿ ಚೆಂದ. ಗಲ್ಲ ಸ್ವಲ್ಪ ಮೇಲೆತ್ತುತ್ತಾರೆ. ಅಷ್ಟೇ.

ಐಮೇ ಆಗಿ ಆನಾ ಕೊಲ್ಚೆರೊ. ಸೆನ್ಯೋರಾಗೆ ಆಕೆ ನಮ್ಮ ವೆರಾಕ್ರೂಸಿನವಳು ಅಂತ ಹೆಮ್ಮೆ, ಪಾತ್ರ ಮಾಡುವ ಕೆಲಸ ನೋಡಿದರೆ ಸಿಟ್ಟು. ಅರ್ಥಶಾಸ್ತ್ರ ಓದಿದವರು, ಮುಂದೆ ಕಾದಂಬರಿ ಬರೆದರು. ಫ್ರಾನ್ಸಿಸ್ಕೊ ಆಗಿ ಅರಿಯೆಲ್ ಲೋಪೆಸ್ ಪಾದಿಯಾ. ದೋನ್ಯಾ ಸೋಫಿಯಾ ಆಗಿ ಕ್ಲಾಡಿಯಾ ಇಸ್ಲಾಸ್. ಕ್ಯೂಬಾದಿಂದ ಬಂದ ಸೆಸರ್ ಎವೊರಾ ಮೆಕ್ಸಿಕೋದಲ್ಲಿ ಮಾಡಿದ ಮೊದಲ ಟೆಲೆನೊವೆಲಾ ಇದೇ. ಆಮೇಲೆ ಅವರು ಎಷ್ಟೊಂದರಲ್ಲಿ ಬಂದರು ಅಂದರೆ ಸೆನ್ಯೋರಾ ಅವರನ್ನು ನೆಂಟರ ಹಾಗೆ ಮಾತಾಡಿಸುತ್ತಿದ್ದರು.

ಆದರೆ ನಾನು ಹೇಳಬೇಕು ಅಂತ ಕೂತಿರುವುದು ಎನ್ರಿಕೆ ಲಿಸಾಲ್ದೆ ವಿಷಯ.

ಕಥೆಯಲ್ಲಿ ನೋಯೆಲ್ ಮಾನ್ಸೆರಾ ಅಂತ ಒಬ್ಬ ಮುದಿ ವಕೀಲ ಇದ್ದಾನೆ. ಜಮೀನ್ದಾರನ ಗುಟ್ಟು ಗೊತ್ತಿದ್ದವನು. ಹೆಸರಿಲ್ಲದ ಹುವಾನ್ ಮೇಲೆ ಅಪ್ಪನ ಪ್ರೀತಿ ಇಟ್ಟವನು. ಗಡುಸಾದ, ಆಳದ ದನಿ. ಆ ಪಾತ್ರ ಮಾಡಿದವರು ಲಿಸಾಲ್ದೆ. ಒಂದು ದಿನ ಅವರು ತೆರೆಯ ಮೇಲೆ ಬಂದಾಗ ಸೆನ್ಯೋರಾ ರಿಮೋಟ್ ಒತ್ತಿ ಚಿತ್ರ ನಿಲ್ಲಿಸಿದರು. "ಇವರು ಯಾರು ಗೊತ್ತಾ? ಹುವಾನ್ ದೆಲ್ ದಿಯಾಬ್ಲೊ" ಅಂದರು. ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಬಿಡಿಸಿ ಹೇಳಿದರು. ಈ ಕಥೆ 1966ರಲ್ಲೂ ಟಿವಿಯಲ್ಲಿ ಬಂದಿತ್ತು. ಆಗ ಹುವಾನ್ ಆಗಿದ್ದವರು ಇದೇ ಲಿಸಾಲ್ದೆ. ಆಗ ಅವರಿಗೆ ಇಪ್ಪತ್ತೊಂಬತ್ತು ವರ್ಷ. ಸೆನ್ಯೋರಾ ಆಗ ಸಣ್ಣ ಹುಡುಗಿ, ಅವರ ಅಮ್ಮ ಪಕ್ಕದ ಮನೆಗೆ ಹೋಗಿ ನೋಡುತ್ತಿದ್ದರಂತೆ.

ಇದು ತಿಳಿದ ಮೇಲೆ ನೋಯೆಲ್ ಮಾನ್ಸೆರಾ ಹುವಾನ್‌ನನ್ನು ನೋಡುವ ಒಂದೊಂದು ನೋಟವೂ ನನಗೆ ಬೇರೆಯಾಗಿ ಕಂಡಿತು. ಐವತ್ತಾರು ವರ್ಷದ ನಟ. ಎದುರಿಗೆ ಮೂವತ್ತೊಂದರ ಪಾಲೋಮೊ, ತಾನು ಒಂದು ಕಾಲಕ್ಕೆ ಆಡಿದ ಪಾತ್ರವನ್ನು ಆಡುತ್ತಿದ್ದಾನೆ. ಮುದುಕ ಅವನ ಭುಜದ ಮೇಲೆ ಕೈ ಇಡುತ್ತಾನೆ. ಲಿಸಾಲ್ದೆ ಒಳಗೇನಿತ್ತೋ ನಾನು ಹೇಳಲಾರೆ. ಅಮ್ಮನಿಗೆ ಹೇಳಿದಾಗ ಅವಳಿಗೆ ಥಟ್ಟನೆ ನೆನಪಾದದ್ದು ನಮ್ಮ ಕಡೆಯ ಮೇಳಗಳು. ಅಭಿಮನ್ಯು ಮಾಡಿ ಹೆಸರಾದವರು ವಯಸ್ಸಾದ ಮೇಲೆ ಭೀಷ್ಮ ಮಾಡುತ್ತಾರೆ. ಹೊಸ ಹುಡುಗ ಗಿರಕಿ ಹೊಡೆಯುವಾಗ ರಂಗಸ್ಥಳದ ಮೇಲೆ ಕೂತು ನೋಡುತ್ತಿರುತ್ತಾರೆ. "ಆ ನೋಟ ಇದು" ಅಂದಳು. ಅದಕ್ಕಿಂತ ಸರಿಯಾಗಿ ನನಗೆ ಹೇಳಲು ಬರುವುದಿಲ್ಲ.

ಕಥೆ ಬರೆದವರು ಕರಿದಾದ್ ಬ್ರಾವೊ ಆದಾಮ್ಸ್. 1908ರಲ್ಲಿ ತಬಾಸ್ಕೊದ ವಿಯಾಹೆರ್ಮೋಸಾದಲ್ಲಿ ಹುಟ್ಟಿದವರು, ನಟರ ಮನೆತನದವರು, ಕ್ಯೂಬಾದಲ್ಲೂ ಬಹಳ ಕಾಲ ಇದ್ದವರು. ಅವರ ಕಾದಂಬರಿ ನಡೆಯುವುದು ಮೆಕ್ಸಿಕೋದಲ್ಲಿ ಅಲ್ಲವೇ ಅಲ್ಲ, ಫ್ರೆಂಚರ ಮಾರ್ತಿನೀಕ್ ದ್ವೀಪದಲ್ಲಿ. ಟಿವಿಗೆ ಬರುವಾಗ ಊರು ಬದಲಾಯಿತು. 1968ರಲ್ಲಿ ಸಿನಿಮಾ ಆಯಿತು, ಆಂಹೆಲಿಕಾ ಮರಿಯಾ ಮೋನಿಕಾ. 1977ರಲ್ಲಿ ಮತ್ತೆ ಧಾರಾವಾಹಿ, ಮತ್ತೆ ಆಂಹೆಲಿಕಾ ಮರಿಯಾನೇ ಮೋನಿಕಾ. 1993ರಲ್ಲಿ ಹೋಸೆ ರೆಂದೋನ್ ನಿರ್ಮಾಣ, ಮರಿಯಾ ಸರತ್ತಿನಿ ಚಿತ್ರಕಥೆ, ಮಿಹಾರೆಸ್ ಹಾಡು. 2009ರಲ್ಲಿ ಇನ್ನೊಮ್ಮೆ, ಎಡುವಾರ್ದೊ ಯಾನ್ಯೆಸ್ ಮತ್ತು ಅರಾಸೆಲಿ ಅರಾಂಬುಲಾ ಜೊತೆ. ನಾನು 2009ರದ್ದನ್ನು ಸ್ವಲ್ಪ ನೋಡಿ ಬಿಟ್ಟೆ. ನನ್ನ ಮಟ್ಟಿಗೆ ಸರತ್ತಿನಿ ಬರೆದದ್ದೇ ಕೊನೆ. ಆಕೆಗೆ ಮದುವೆಯೊಳಗಿನ ಮೌನ ಬರೆಯಲು ಗೊತ್ತಿತ್ತು.

ಧಾರಾವಾಹಿ ಅನ್ನುವ ನಮ್ಮ ಮಾತು ಟಿವಿಗಿಂತ ಹಳೆಯದು. ಅಮ್ಮನ ಕಾಲದಲ್ಲಿ ಧಾರಾವಾಹಿ ಅಂದರೆ ವಾರಪತ್ರಿಕೆಯಲ್ಲಿ ಬರುವ ಕಾದಂಬರಿ. ಅಜ್ಜಿ ಆ ಹಾಳೆಗಳನ್ನು ಮಾತ್ರ ಬಿಡಿಸಿ, ಕಥೆ ಮುಗಿದ ಮೇಲೆ ದಬ್ಬಣದಲ್ಲಿ ಹೊಲಿದು, ಹಳೇ ಕ್ಯಾಲೆಂಡರ್ ರಟ್ಟು ಹಾಕಿ ಪುಸ್ತಕ ಮಾಡುತ್ತಿದ್ದಳು. ಕಥೆ ಮುಗಿದರೆ ತಾನೇ ಹೊಲಿಯುವುದು? ಟೆಲೆನೊವೆಲಾ ನನಗೆ ಇಷ್ಟವಾದದ್ದು ಅದಕ್ಕೇ. ಮುಗಿಯುತ್ತದೆ. 80 ಎಪಿಸೋಡು, ವಾರಕ್ಕೆ ಐದು, ನಾಲ್ಕು ತಿಂಗಳೊಳಗೆ ಆಯಿತು. ಕೊನೆಯದಕ್ಕೆ ಗ್ರಾನ್ ಫಿನಾಲ್ ಅಂತ ಹೆಸರು. ನಮ್ಮ ಮೆಗಾ ಧಾರಾವಾಹಿಗಳನ್ನೂ ನಾನು ಪ್ರೀತಿಯಿಂದಲೇ ನೋಡಿದ್ದೇನೆ. ಆದರೆ ನಾಲ್ಕು ವರ್ಷ ಎಳೆದಾಗ ನಟರು ಬದಲಾಗುತ್ತಾರೆ, ಒಂದು ಸೋಮವಾರ ನಾಯಕಿಗೆ ಬೇರೆ ಮುಖ ಬರುತ್ತದೆ. ಇಲ್ಲಿ ಮೊದಲ ದಿನ ಬಂದ ಮುಖವೇ ಕೊನೆಯ ದಿನ ಬಾಗಿಲು ಮುಚ್ಚುತ್ತದೆ. ಹಾಗಾಗಿ ಆ ಮುಖಕ್ಕೆ ಪೂರ್ತಿ ಮನಸ್ಸು ಕೊಡಬಹುದು.

ಇನ್ನೊಂದು ಮಾತು, ಸುಮ್ನೆ ನೆನಪಾಗಿ. 1984ರಲ್ಲಿ ದೂರದರ್ಶನದಲ್ಲಿ 'ಹಮ್ ಲೋಗ್' ಬಂತಲ್ಲ, ಅದರ ಬೇರು ಕೂಡ ಮೆಕ್ಸಿಕೋದಲ್ಲಿದೆ. ಅಲ್ಲಿ ಮಿಗೆಲ್ ಸಾಬಿದೊ ಎಂಬವರು 1970ರ ದಶಕದಲ್ಲಿ ಅಕ್ಷರ ಕಲಿಯಿರಿ, ಕುಟುಂಬ ಯೋಜನೆ ಮಾಡಿ ಅನ್ನುವುದನ್ನು ಕಥೆಯೊಳಗೇ ಬೆರೆಸಿ ಟೆಲೆನೊವೆಲಾ ಮಾಡಿದ್ದರು. ನಮ್ಮ ವಾರ್ತಾ ಸಚಿವರಾಗಿದ್ದ ವಸಂತ ಸಾಠೆ ಅಲ್ಲಿ ಹೋಗಿ ನೋಡಿ ಬಂದರು. ಅದರಿಂದ ಹುಟ್ಟಿದ್ದು ಹಮ್ ಲೋಗ್. ಅಮ್ಮ ಅದನ್ನು ಊರಿನ ಒಂದೇ ಟಿವಿ ಇದ್ದ ಮನೆಯ ಜಗಲಿಯಲ್ಲಿ ಕೂತು ನೋಡಿದ್ದಳು. ಕೊನೆಯಲ್ಲಿ ಅಶೋಕ್ ಕುಮಾರ್ ಬಂದು ಮಾತಾಡುತ್ತಿದ್ದದ್ದು ಅವಳಿಗೆ ಈಗಲೂ ನೆನಪಿದೆ. ಸೆನ್ಯೋರಾಗೆ ಇದನ್ನು ಹೇಳಿದೆ. ಅವರು ಅಮ್ಮನನ್ನು ಹೊಸದಾಗಿ ನೋಡುವ ಹಾಗೆ ನೋಡಿದರು.

ನಲವತ್ತು ದಿನ ಮುಗಿದರೂ 80 ಎಪಿಸೋಡು ಮುಗಿದಿರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಗ್ರಾನ್ ಫಿನಾಲ್ ನೋಡಿದೆವು. ಕಥೆಯ ಕೊನೆ ನಾನು ಹೇಳುವುದಿಲ್ಲ, ನೋಡುವವರು ನೋಡಲಿ. ಅಂದು ಅಮ್ಮ ಪಾಯಸ ಮಾಡಿದ್ದಳು. ಮಿಹಾರೆಸ್ ಹಾಡು ಮುಗಿದ ಮೇಲೆ ಸೆನ್ಯೋರಾ ಟಿವಿ ಆರಿಸಲಿಲ್ಲ. ನೀಲಿ ತೆರೆಯನ್ನೇ ನೋಡುತ್ತ, "ಹುವಾನ್ ಹೋಗಿ ಹದಿನೈದು ವರ್ಷ ಆಯ್ತು" ಅಂದರು. ನಾನು ಕಥೆಯ ಮಾತು ಅಂದುಕೊಂಡೆ. ಅವರು ಹೇಳಿದ್ದು ಪಾಲೋಮೊ ವಿಷಯ. 2003ರ ನವೆಂಬರ್ 6ರಂದು ಲಾಸ್ ಏಂಜಲೀಸ್‌ನಲ್ಲಿ, ಹೆಂಡತಿ ಮತ್ತು ಸ್ನೇಹಿತರ ಜೊತೆ ಊಟಕ್ಕೆ ಕೂತಿದ್ದಾಗ ಹೃದಯಾಘಾತ. ವಯಸ್ಸು 41. ಇಂಗ್ಲಿಷ್ ಸಿನಿಮಾ, ಟಿವಿಯಲ್ಲಿ ದಾರಿ ಹುಡುಕಲು ಅಮೆರಿಕಕ್ಕೆ ಬಂದಿದ್ದರು. ಇಬ್ಬರು ಸಣ್ಣ ಮಕ್ಕಳು. ಲಿಸಾಲ್ದೆ 2013ರಲ್ಲಿ ತೀರಿಕೊಂಡರು. ಪಾತ್ರ ಕೊಟ್ಟವರು ಪಾತ್ರ ತೆಗೆದುಕೊಂಡವನು ಹೋದ ಮೇಲೂ ಸುಮಾರು ಹತ್ತು ವರ್ಷ ಬದುಕಿದರು. ಅಮ್ಮ ಇದನ್ನು ಕೇಳಿ ಒಳಗೆ ಹೋದಳು. ಪಾಯಸದ ಪಾತ್ರೆ ತೊಳೆಯುವ ಸದ್ದು ಬಹಳ ಹೊತ್ತು ಬರುತ್ತಿತ್ತು.

ಮೇ ತಿಂಗಳಲ್ಲಿ ಅಮ್ಮ ಊರಿಗೆ ಹೋದಳು. ಸೂಟ್‌ಕೇಸಿನಲ್ಲಿ ಒಣಶುಂಠಿ ಇದ್ದ ಜಾಗದಲ್ಲಿ ಎರಡು ಪಿಲೋನ್ಸಿಯೊ ಇದ್ದವು.

2019ರ ಜೂನ್ 13, ಗುರುವಾರ. ಸಂಜೆ ಸೆನ್ಯೋರಾ ಬಾಗಿಲು ತಟ್ಟಿದರು. ಕಣ್ಣು ಕೆಂಪಗಿತ್ತು. "ಎದಿತ್" ಅಂದರು, ಅಷ್ಟೇ. ಅಂಡಾಶಯದ ಕ್ಯಾನ್ಸರ್ ಅಂತ 2016ರಲ್ಲೇ ಗೊತ್ತಾಗಿತ್ತು. ಕೂದಲು ಹೋದ ತಲೆಯನ್ನು ಮುಚ್ಚಿಡದೆ ಜನರ ಮುಂದೆ ಬಂದಿದ್ದರು, ಮತ್ತೆ ಟಿವಿಯಲ್ಲಿ ಕೆಲಸ ಮಾಡಿದ್ದರು, ಗಲ್ಲ ಸ್ವಲ್ಪ ಮೇಲೆತ್ತಿಕೊಂಡೇ. ವಯಸ್ಸು 54. ಒಬ್ಬಳೇ ಮಗಳು, ಇನ್ನೂ ಹದಿನೈದು ತುಂಬಿರಲಿಲ್ಲ.

ರಾತ್ರಿ ಒಂಬತ್ತಕ್ಕೆ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಊರಲ್ಲಿ ಶುಕ್ರವಾರ ಬೆಳಗ್ಗೆ ಏಳೂವರೆ. ಅಮ್ಮ ಅಂಗಳದಲ್ಲಿದ್ದಳು. ಆ ವರ್ಷ ಮಳೆ ತಡ, ಇನ್ನೂ ಸರಿಯಾಗಿ ಹಿಡಿದಿರಲಿಲ್ಲ. ಹೇಳಿದೆ.

"ಯಾರು?" ಅಂದಳು. ಎದಿತ್ ಅನ್ನುವ ಹೆಸರು ಅವಳಿಗೆ ತಕ್ಷಣ ಹೊಳೆಯಲಿಲ್ಲ. ಮತ್ತೆ ತಾನೇ, "ಮೋನಿಕಾನಾ?" ಅಂದಳು.

"ಹೌದು."

ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಅವರು ಇದ್ದಾರಾ ಅಲ್ಲಿ? ಕೊಡು" ಅಂದಳು. ಫೋನು ಸೆನ್ಯೋರಾ ಕೈಗೆ ಕೊಟ್ಟೆ. ಅವರು ಸ್ಪ್ಯಾನಿಷ್‌ನಲ್ಲಿ ಹೇಳುತ್ತ ಹೋದರು, ಅಮ್ಮ ಕನ್ನಡದಲ್ಲಿ ಹೇಳುತ್ತ ಹೋದಳು. ನಾನು ಯಾವುದನ್ನೂ ಅನುವಾದ ಮಾಡಲಿಲ್ಲ. ಮಗಳು ನನ್ನ ಮಡಿಲಲ್ಲಿ ಎದ್ದು ಕೂತು ಇಬ್ಬರ ದನಿಗೂ ಕಿವಿಗೊಟ್ಟಿದ್ದಳು.

ಕೊನೆಗೆ ಅಮ್ಮ ನನ್ನನ್ನು ಕರೆದಳು. "ಜ್ವರದ್ದು ಹಾಕು. ಫೋನು ಟಿವಿ ಕಡೆ ತಿರುಗಿಸಿ ಇಡು. ನಾನು ಇಲ್ಲೇ ಕೂತ್ಕೋತೀನಿ."

ಹಾಲಿನ ಡಬ್ಬಕ್ಕೆ ಫೋನು ಒರಗಿಸಿ ಇಟ್ಟೆ. ಸೆನ್ಯೋರಾ ರಿಮೋಟ್ ತೆಗೆದುಕೊಂಡರು. ಹಾಸಿಗೆಯಲ್ಲಿ ಮೋನಿಕಾ, ಪಕ್ಕದಲ್ಲಿ ಹುವಾನ್. ಫೋನಿನಲ್ಲಿ ಕೊಪ್ಪದ ಅಂಗಳದ ಹಕ್ಕಿಗಳು ಕೂಗುತ್ತಿದ್ದವು.

"ಸ್ವಲ್ಪ ಜೋರಾಗಿಡು" ಅಂದಳು ಅಮ್ಮ. "ಅವನು ಅವಳನ್ನ ಕರೆಯೋದು ಕೇಳಿಸ್ತಿಲ್ಲ."